ಪರದೇಶದ ಕೆಲಸದಲ್ಲಿ ಪಥ್ಯ: ರೊಟ್ಟಿಯ ಗಂಟು, ಬಾಡಿಗೆಯ ಅಡುಗೆಮನೆ, ಹೋಟೆಲಿನ ಊಟ

ಬೆಳಗಾವಿಯ ಉದ್ಯಮಬಾಗದ ಎರಕಶಾಲೆಗಳಿಂದ, ಯಂತ್ರಭಾಗಗಳ ಕಾರ್ಖಾನೆಗಳಿಂದ, ಹತ್ತರಗಿಯ ವಿಮಾನ ಬಿಡಿಭಾಗಗಳ ಘಟಕಗಳಿಂದ ಕೆಲಸದ ಮೇಲೆ ಜರ್ಮನಿ, ಫ್ರಾನ್ಸ್, ಜಪಾನ್, ದುಬೈ ಎಂದು ಹೋಗಿಬರುವವರು ಈಗ ಬಹಳ ಮಂದಿ. ಅವರಲ್ಲಿ ಪಥ್ಯ ಹಿಡಿದವರೂ ಇದ್ದಾರೆ. ಸಕ್ಕರೆ ಕಾಯಿಲೆಯವರು, ಕಂದಮೂಲ ಮುಟ್ಟದ ಜೈನರು, ಮೊಟ್ಟೆಯನ್ನೂ ಒಲ್ಲದ ಸಸ್ಯಾಹಾರಿಗಳು, ಮತ್ತು ನನ್ನಂತೆ ಗೋಧಿಯನ್ನು ಪೂರ್ತಿ ಬಿಟ್ಟವರು. ಊರಿನಲ್ಲಿ ಪಥ್ಯ ನಡೆಯುವುದು ಮನೆಯವರ ಕೈಯಿಂದ; ಪರದೇಶದಲ್ಲಿ ಅದನ್ನು ನಾವೇ ನಡೆಸಬೇಕು, ಅದೂ ದಿನಕ್ಕೆ ಹತ್ತು ಗಂಟೆ ಸಭೆಯಲ್ಲೋ ಯಂತ್ರದ ಮುಂದೆಯೋ ಕಳೆದ ಮೇಲೆ. ಹೊರಡುವ ಮುನ್ನ ಬಹಳ ಜನ ನನ್ನನ್ನು ಕೇಳುವ ಪ್ರಶ್ನೆ ಒಂದೇ: ಊಟ ಕಟ್ಟಿಕೊಂಡು ಹೋಗಬೇಕೋ, ಅಡುಗೆಮನೆಯಿರುವ ವಸತಿ ಹಿಡಿಯಬೇಕೋ, ಅಲ್ಲಿನ ಹೋಟೆಲುಗಳನ್ನು ನಂಬಬೇಕೋ? ಈ ಮೂರನ್ನೂ ನಾನು ಬೇರೆ ಬೇರೆ ದೇಶಗಳಲ್ಲಿ ಮಾಡಿ ನೋಡಿದ್ದೇನೆ, ಆ ಅನುಭವದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ನನಗಿರುವುದು ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಇದಕ್ಕೆ ಮಾತ್ರೆಯಿಲ್ಲ, ಆ ಧಾನ್ಯಗಳನ್ನು ಜೀವನಪೂರ್ತಿ ಬಿಡುವುದೇ ಚಿಕಿತ್ಸೆ. ಎಷ್ಟು ಕಟ್ಟುನಿಟ್ಟಾಗಿ ಬಿಡಬೇಕೆಂಬುದು ಒಂದು ಲೆಕ್ಕದಿಂದ ತಿಳಿಯುತ್ತದೆ. ಪೊಟ್ಟಣದ ಮೇಲೆ ‘ಗ್ಲುಟೆನ್ ರಹಿತ’ ಎಂದು ಬರೆಯಬೇಕಾದರೆ ಯುರೋಪಿನಲ್ಲೂ ನಮ್ಮ ದೇಶದಲ್ಲೂ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರಕೂಡದು; ಅಂದರೆ 100 ಗ್ರಾಂ ಬ್ರೆಡ್ಡಿನಲ್ಲಿ ಹೆಚ್ಚೆಂದರೆ 2 ಮಿಲಿಗ್ರಾಂ. ಒಂದು ಸಾಧಾರಣ ಚಪಾತಿಯಲ್ಲಿ ಸುಮಾರು ಅದರ ಸಾವಿರ ಪಟ್ಟು ಇರುತ್ತದೆ. ಹೀಗಾಗಿ ಚಪಾತಿ ಹಿಟ್ಟು ಉದುರಿದ ಕಟ್ಟೆಯ ಮೇಲೆ ಹೆಚ್ಚಿದ ಸೌತೆಕಾಯಿಯೂ ನನಗೆ ಸಂಶಯದ ಪದಾರ್ಥವೇ. ಇದರ ಜೊತೆಗೆ ಹುಟ್ಟಿನಿಂದ ಬಂದ ಸಸ್ಯಾಹಾರವಿದೆ, ಅದನ್ನು ಬಿಡುವ ಮನಸ್ಸು ನನಗಿಲ್ಲ.

ನನ್ನ ನಿರ್ಣಯವನ್ನು ಮೊದಲೇ ಹೇಳಿಬಿಡುತ್ತೇನೆ. ಪಥ್ಯ ಒಂದೇ ಆಗಿದ್ದರೆ, ಅಂದರೆ ಬರೀ ಸಸ್ಯಾಹಾರ ಅಥವಾ ಬರೀ ಗ್ಲುಟೆನ್ ವರ್ಜನೆ ಆಗಿದ್ದರೆ, ದೊಡ್ಡ ಊರುಗಳ ಹೋಟೆಲುಗಳಲ್ಲಿ ನಡೆದುಹೋಗುತ್ತದೆ. ಎರಡು ಪಥ್ಯಗಳು ಒಂದರ ಮೇಲೊಂದು ಕೂತಾಗ ಹೋಟೆಲಿನವರು ಒಂದನ್ನು ಕಾಯುವ ಭರದಲ್ಲಿ ಇನ್ನೊಂದನ್ನು ಮುರಿಯುತ್ತಾರೆ. ಅಂಥವರು ನಾಲ್ಕು ದಿನದೊಳಗಿನ ಪ್ರವಾಸಕ್ಕೆ ಮನೆಯ ಗಂಟನ್ನೂ, ಅದಕ್ಕಿಂತ ಹೆಚ್ಚಿನದಕ್ಕೆ ಅಡುಗೆಮನೆಯಿರುವ ವಸತಿಯನ್ನೂ ಆರಿಸಬೇಕು. ಆ ವಸತಿಯನ್ನು ವಿಮಾನದ ಟಿಕೆಟಿಗಿಂತ ಮೊದಲೇ ಗೊತ್ತುಮಾಡಬೇಕು. ಕಂಪನಿಯ ಪ್ರವಾಸ ವಿಭಾಗದವರು ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗಾಗಿ ನಡೆಯುತ್ತಾರೆ: ಮೊದಲು ಟಿಕೆಟ್, ಆಮೇಲೆ ಕಾರ್ಖಾನೆಗೆ ಹತ್ತಿರದ ಹೋಟೆಲ್, ಊಟದ ಮಾತು ಕಡೆಗೆ.

ವಿಮಾನದ ಊಟ

ಇದು ಒಂದು ಹೊತ್ತಿನ ಪ್ರಶ್ನೆಯಾದ್ದರಿಂದ ಬಹಳ ಹೇಳಬೇಕಿಲ್ಲ. ಆದರೆ ಎರಡು ಪಥ್ಯಗಳ ತಿಕ್ಕಾಟ ಮೊದಲು ಕಣ್ಣಿಗೆ ಬೀಳುವುದು ಇಲ್ಲಿಯೇ. ವಿಮಾನ ಸಂಸ್ಥೆಗಳು ವಿಶೇಷ ಊಟಗಳಿಗೆ ನಾಲ್ಕಕ್ಷರದ ಸಂಕೇತಗಳನ್ನು ಇಟ್ಟುಕೊಂಡಿವೆ. ಭಾರತೀಯ ಸಸ್ಯಾಹಾರಕ್ಕೆ ಎವಿಎಂಎಲ್, ಜೈನ ಊಟಕ್ಕೆ ವಿಜೆಎಂಎಲ್, ಹಾಲು ಮೊಟ್ಟೆ ಎರಡೂ ಇಲ್ಲದ್ದಕ್ಕೆ ವಿಜಿಎಂಎಲ್, ಸಕ್ಕರೆ ಕಾಯಿಲೆಯವರಿಗೆ ಡಿಬಿಎಂಎಲ್, ಗ್ಲುಟೆನ್ ಇಲ್ಲದ್ದಕ್ಕೆ ಜಿಎಫ್‌ಎಂಎಲ್. ವಿಎಲ್‌ಎಂಎಲ್ ಎಂಬ ಸಸ್ಯಾಹಾರದಲ್ಲಿ ಮೊಟ್ಟೆ ಇರಬಹುದು ಎಂಬುದನ್ನು ನಮ್ಮವರು ಗಮನಿಸುವುದಿಲ್ಲ. ಒಬ್ಬ ಪ್ರಯಾಣಿಕನಿಗೆ ಸಾಮಾನ್ಯವಾಗಿ ಒಂದೇ ಸಂಕೇತ. ನಾನು ಗ್ಲುಟೆನ್ ರಹಿತ ಊಟ ಕೇಳಿದರೆ ಕೋಳಿಯೋ ಮೀನೋ ಬರುತ್ತದೆ, ಭಾರತೀಯ ಸಸ್ಯಾಹಾರ ಕೇಳಿದರೆ ಪರಾಠ ಬರುತ್ತದೆ. ಮೊದಲ ಸಲ ಈ ಎರಡರ ನಡುವೆ ಸಿಕ್ಕಿ ಮುಂಬೈಯಿಂದ ಫ್ರಾಂಕ್‌ಫರ್ಟ್‌ವರೆಗೆ ಎರಡು ಬಾಳೆಹಣ್ಣಿನ ಮೇಲೆ ಕಳೆದೆ. ಈಗ ಗ್ಲುಟೆನ್ ರಹಿತವನ್ನೇ ಬರೆಸುತ್ತೇನೆ, ಅದರ ತಟ್ಟೆಯಿಂದ ಹಣ್ಣನ್ನು ಮಾತ್ರ ತಿನ್ನುತ್ತೇನೆ, ಊಟಕ್ಕೆ ನನ್ನ ಡಬ್ಬಿ ತೆರೆಯುತ್ತೇನೆ. ಒಂದೇ ಪಥ್ಯದವರು ಸಂಕೇತವನ್ನು ಕನಿಷ್ಠ ಎರಡು ದಿನ ಮೊದಲು ಬರೆಸಲಿ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಹೋಗುವ ಟಿಕೆಟ್ಟೂ ಮುಂದಿನ ಟಿಕೆಟ್ಟೂ ಬೇರೆ ಬೇರೆಯಾಗಿದ್ದರೆ ಎರಡರಲ್ಲೂ ಬರೆಸಲಿ. ಹೋಗುವಾಗಿನ ಜೈನ ಊಟ ನಮ್ಮ ದೇಶದ ಅಡುಗೆಮನೆಯಿಂದ ಏರುತ್ತದೆ, ಬರುವಾಗಿನದು ಅಲ್ಲಿಯದರಿಂದ. ಹಿಂದಿರುಗುವ ಪ್ರಯಾಣಕ್ಕೂ ಮನೆಯ ತಿಂಡಿಯನ್ನು ಸ್ವಲ್ಪ ಉಳಿಸಿಕೊಳ್ಳಬೇಕಾದದ್ದು ಅದಕ್ಕಾಗಿ.

ಭಾರತೀಯ ಹೋಟೆಲೋ, ಆ ದೇಶದ ಹೋಟೆಲೋ

ನಮ್ಮವರಿಗೆ ಸಹಜವಾಗಿ ತೋರುವ ದಾರಿ ಪರದೇಶದಲ್ಲಿರುವ ಭಾರತೀಯ ಹೋಟೆಲು. ಸಸ್ಯಾಹಾರವೊಂದೇ ಪಥ್ಯವಾದವರಿಗೆ ಅದು ನಿಜಕ್ಕೂ ಆಸರೆ. ಗೋಧಿ ಬಿಟ್ಟವರಿಗೆ ಅದು ಅತ್ಯಂತ ಅಪಾಯದ ಜಾಗವೆಂದು ನಾನು ಅನುಭವದಿಂದ ಹೇಳುತ್ತೇನೆ. ದಕ್ಷಿಣ ಜರ್ಮನಿಯ ಒಂದು ಊರಿನಲ್ಲಿ, ಗೋಧಿ ಬೇಡವೆಂದು ನಮ್ಮದೇ ಭಾಷೆಯಲ್ಲಿ ವಿವರಿಸಿ, ಅನ್ನ ಮತ್ತು ದಾಲ್ ಮಾತ್ರ ತಿಂದು, ಮರುದಿನದ ಪೂರ್ತಿ ಲೆಕ್ಕಪರಿಶೋಧನೆಯನ್ನು ಹೊಟ್ಟೆ ಹಿಡಿದುಕೊಂಡು ಮುಗಿಸಿದೆ. ಕಾರಣ ಆಮೇಲೆ ತಿಳಿಯಿತು: ಹಿಂಗು. ಡಬ್ಬಿಯಲ್ಲಿ ಮಾರುವ ಬಳಕೆಯ ಹಿಂಗು ಅಪ್ಪಟ ಹಿಂಗಲ್ಲ, ಅದಕ್ಕೆ ಗೋಧಿ ಹಿಟ್ಟನ್ನೋ ಮೈದಾವನ್ನೋ ಬೆರೆಸಿ ಪುಡಿ ಮಾಡಿರುತ್ತಾರೆ. ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅದು ಬರೆದೇ ಇರುತ್ತದೆ. ಒಗ್ಗರಣೆಗೆ ಬೀಳುವ ಆ ಒಂದು ಚಿಟಿಕೆಯನ್ನು ಅಡುಗೆಯವನು ಗೋಧಿ ಎಂದು ಎಣಿಸುವುದೇ ಇಲ್ಲ. ಅವನ ಲೆಕ್ಕದಲ್ಲಿ ಗೋಧಿ ಬೇಡವೆಂದರೆ ಚಪಾತಿ ಬೇಡ, ಅಷ್ಟೆ. ಸಾಂಬಾರು, ರಸಂ, ಕಢಿ ಎಲ್ಲದರಲ್ಲೂ ಈ ಹಿಂಗು ಇದೆ. ಹಪ್ಪಳ ಉದ್ದಿನದೇ ಆಗಿದ್ದರೂ ಸಮೋಸ ಕರಿದ ಎಣ್ಣೆಯಲ್ಲಿ ಕರಿದಿರುತ್ತಾರೆ. ದೋಸೆಯ ಹಂಚಿನ ಮೇಲೆ ಅದಕ್ಕಿಂತ ಮೊದಲು ರವಾ ದೋಸೆ ಬೆಂದಿರುತ್ತದೆ. ಹಿಂಗಿಲ್ಲದ ಒಗ್ಗರಣೆಯನ್ನು ಬೇರೆ ಬಾಣಲೆಯಲ್ಲಿ ಮಾಡಿಕೊಡಲು ಒಪ್ಪಿದ ಕಡೆ ಮಾತ್ರ ನಾನು ಈಗ ಊಟ ಮಾಡುತ್ತೇನೆ; ಇಲ್ಲದಿದ್ದರೆ ಬಿಳಿ ಅನ್ನ, ಮೊಸರು, ಉಪ್ಪು.

ಇದಕ್ಕೆ ವಿರುದ್ಧವಾಗಿ, ನಮ್ಮ ಭಾಷೆ ಬಾರದ ಯುರೋಪಿನ ಹೋಟೆಲಿನವನು ಗ್ಲುಟೆನ್ ಎಂದರೆ ಏನೆಂದು ಚೆನ್ನಾಗಿ ಬಲ್ಲ. ಇದರ ಹಿಂದೆ ಕಾನೂನಿನ ಬಲವಿದೆ. ಯುರೋಪಿಯನ್ ಒಕ್ಕೂಟದ 2011ರ 1169ನೆಯ ನಿಯಮ 2014ರ ಡಿಸೆಂಬರಿನಿಂದ ಜಾರಿಯಲ್ಲಿದ್ದು, ಅದರಂತೆ 14 ಬಗೆಯ ಅಲರ್ಜಿಕಾರಕಗಳನ್ನು ಪೊಟ್ಟಣದ ಮೇಲೆ ಎದ್ದು ಕಾಣುವ ಅಕ್ಷರದಲ್ಲಿ ಬರೆಯಬೇಕು. ಹೋಟೆಲಿನವರೂ ಗಿರಾಕಿಗೆ ಆ ಮಾಹಿತಿ ಕೊಡಬೇಕು. ಜರ್ಮನಿಯ ಮೆನುವಿನಲ್ಲಿ ಪ್ರತಿ ತಿಂಡಿಯ ಹೆಸರಿನ ಪಕ್ಕದಲ್ಲಿ ಸಣ್ಣ ಅಕ್ಷರಗಳೋ ಅಂಕಿಗಳೋ ಕಾಣುವುದು ಇದಕ್ಕಾಗಿ. ಆ ಗುರುತುಗಳ ಅರ್ಥ ಒಂದೊಂದು ಹೋಟೆಲಿನಲ್ಲಿ ಒಂದೊಂದು, ಆದ್ದರಿಂದ ಮೆನುವಿನ ಕೊನೆಯ ಪುಟದ ಕೀಲಿಯನ್ನು ಪ್ರತಿ ಸಲವೂ ನೋಡಬೇಕು. ಅಲ್ಲಿ ನನ್ನ ಕಾಯಿಲೆಯ ಹೆಸರು ‘ತ್ಸೋಲಿಯಾಕಿ’, ಪೊಟ್ಟಣದ ಮೇಲೆ ಹುಡುಕಬೇಕಾದ ಮಾತು ‘ಗ್ಲುಟೆನ್‌ಫ್ರೈ’. ಫ್ರಾನ್ಸಿನಲ್ಲಿ ‘ಸಾನ್ ಗ್ಲುಟೆನ್’, ಇಟಲಿಯಲ್ಲಿ ‘ಸೆಂತ್ಸ ಗ್ಲೂತಿನೆ’. ಇಟಲಿಯಂತೂ ನಮ್ಮಂಥವರಿಗೆ ಅತಿ ಅನುಕೂಲದ ದೇಶ: ಅಲ್ಲಿನ ಸೀಲಿಯಾಕ್ ಸಂಘ ಹೋಟೆಲಿನವರಿಗೆ ತರಬೇತಿ ಕೊಟ್ಟು ಅವುಗಳ ಪಟ್ಟಿಯನ್ನು ಇಟ್ಟುಕೊಂಡಿದೆ, ಔಷಧಿ ಅಂಗಡಿಗಳಲ್ಲೂ ಗ್ಲುಟೆನ್ ರಹಿತ ಹಿಟ್ಟು, ಬ್ರೆಡ್ಡು ಸಿಗುತ್ತವೆ.

ಆದರೂ ಅಲ್ಲಿ ಸಸ್ಯಾಹಾರ ತಪ್ಪುವ ಜಾಗಗಳಿವೆ. ಹಲವು ಬಗೆಯ ಚೀಸನ್ನು ಕರುವಿನ ಜಠರದಿಂದ ತೆಗೆದ ಕಿಣ್ವದಿಂದ ಹೆಪ್ಪುಗಟ್ಟಿಸುತ್ತಾರೆ, ಕೆಲವು ಹಣ್ಣಿನ ಮೊಸರುಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್ ಇರುತ್ತದೆ, ತರಕಾರಿ ಸೂಪನ್ನು ಮೂಳೆಯ ಸಾರಿನಿಂದ ಮಾಡಿರಬಹುದು. ಹೋಟೆಲಿನ ಬೆಳಗಿನ ತಿಂಡಿಯಲ್ಲಿ ಎಲ್ಲರೂ ಬಳಸುವ ಟೋಸ್ಟರು, ಎಲ್ಲರ ಚಾಕು ಅದ್ದಿದ ಜಾಮಿನ ಬಟ್ಟಲು, ಬ್ರೆಡ್ಡಿನ ತುಣುಕು ಬಿದ್ದ ಹಣ್ಣಿನ ತಟ್ಟೆ ಎದುರಾಗುತ್ತವೆ. ನಾನು ಅಲ್ಲಿ ಸಿಪ್ಪೆ ಸುಲಿಯುವ ಹಣ್ಣು, ಮುಚ್ಚಿದ ಬಟ್ಟಲಿನ ಸಾದಾ ಮೊಸರು, ಬೇಯಿಸಿದ ಆಲೂಗಡ್ಡೆ ಮಾತ್ರ ಮುಟ್ಟುತ್ತೇನೆ. ಹುರಿದ ಆಲೂ ಕಡ್ಡಿಗಳನ್ನು ಎಷ್ಟು ಹಸಿದಿದ್ದರೂ ಬಿಡುತ್ತೇನೆ, ಏಕೆಂದರೆ ಅದೇ ಎಣ್ಣೆಯಲ್ಲಿ ಬ್ರೆಡ್ಡಿನ ಪುಡಿ ಹಚ್ಚಿದ ಮಾಂಸವೂ ಹುರಿದಿರುತ್ತದೆ. ಅಲ್ಲಿ ಎರಡು ಪಥ್ಯಗಳೂ ಒಂದೇ ಬಾಣಲೆಯಲ್ಲಿ ಕೆಡುತ್ತವೆ.

ಜಪಾನಿನ ಸಂಗತಿಯೇ ಬೇರೆ. ಅನ್ನದ ದೇಶವೆಂದು ನಿಶ್ಚಿಂತೆಯಿಂದ ಹೋದೆ, ಅಲ್ಲಿ ಹಸಿವಿನಿಂದ ಬಹಳ ಕಷ್ಟಪಟ್ಟೆ. ಸೋಯಾ ಸಾಸಿನಲ್ಲಿ ಗೋಧಿ ಇದೆ, ಅದು ಸಾರು, ಪಲ್ಯ, ಅನ್ನದುಂಡೆ ಎಲ್ಲದರಲ್ಲೂ ಇದೆ. ‘ದಾಶಿ’ ಎಂಬ ಮೂಲ ಸಾರನ್ನು ಸಾಮಾನ್ಯವಾಗಿ ಒಣಮೀನಿನಿಂದ ತೆಗೆಯುತ್ತಾರೆ, ಅದನ್ನು ಅವರು ಮಾಂಸಾಹಾರವೆಂದು ಭಾವಿಸುವುದಿಲ್ಲ. ಕಾರ್ಖಾನೆಯ ಸಭೆಯಲ್ಲಿ ನೀರಿನಂತೆ ಕೊಟ್ಟ ತಣ್ಣನೆಯ ಕಂದು ಚಹಾವನ್ನು ನಾನು ಎರಡು ದಿನ ಕುಡಿದೆ. ಅದು ‘ಮುಗಿಚಾ’, ಹುರಿದ ಬಾರ್ಲಿಯ ಕಷಾಯ. ಅಲ್ಲಿನ ಪೊಟ್ಟಣಗಳ ಮೇಲೆ ಗೋಧಿಯನ್ನು ಕಡ್ಡಾಯವಾಗಿ ನಮೂದಿಸಬೇಕು, ಆದರೆ ಕಡ್ಡಾಯದ ಆ ಪಟ್ಟಿಯಲ್ಲಿ ಬಾರ್ಲಿ ಇಲ್ಲ. ಗೋಧಿಗೆ ‘ಕೊಮುಗಿ’, ಬಾರ್ಲಿಗೆ ‘ಓಮುಗಿ’ ಎಂಬ ಎರಡು ಮಾತುಗಳನ್ನೂ ಅವರ ಲಿಪಿಯಲ್ಲಿ ಬರೆಸಿಕೊಂಡ ಚೀಟಿ ಜೇಬಿನಲ್ಲಿರಬೇಕು. ಜಪಾನಿಗೆ ಹೋಗುವ ಎರಡು ಪಥ್ಯದವರು ಹೋಟೆಲಿನ ಆಯ್ಕೆಯನ್ನೇ ಕೈಬಿಡುವುದು ಮೇಲು.

ಬಾಡಿಗೆಯ ಅಡುಗೆಮನೆ

ಹೋಟೆಲಿನ ಕೋಣೆಗೂ ಅಡುಗೆಮನೆಯಿರುವ ವಸತಿಗೂ ಬಾಡಿಗೆಯಲ್ಲಿ ವ್ಯತ್ಯಾಸವಿರಬಹುದು, ಕಾರ್ಖಾನೆಯಿಂದ ಸ್ವಲ್ಪ ದೂರವೂ ಆಗಬಹುದು. ಆದರೆ ಕಂಪನಿ ಕೊಡುವ ದಿನಭತ್ಯೆಯಲ್ಲಿ ಊಟದ ಪಾಲು ಉಳಿಯುತ್ತದೆ, ಮತ್ತು ರಾತ್ರಿ ಏಳಕ್ಕೆ ದಣಿದು ಬಂದಾಗ ಎಲ್ಲಿ ಏನು ಸಿಗುತ್ತದೆಂದು ಬೀದಿ ಅಲೆಯುವುದು ತಪ್ಪುತ್ತದೆ. ನನ್ನ ಮಟ್ಟಿಗೆ ಬಾಡಿಗೆಯ ಹೆಚ್ಚಳಕ್ಕಿಂತ ಈ ನೆಮ್ಮದಿಯ ಬೆಲೆ ದೊಡ್ಡದು. ವಸತಿ ಗೊತ್ತುಮಾಡುವಾಗ ಒಲೆ ಇದೆಯೇ, ಬರೀ ಮೈಕ್ರೋವೇವ್ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಬೇಕು. ‘ಕಿಚನೆಟ್’ ಎಂದು ಬರೆದ ಕಡೆ ನನಗೊಮ್ಮೆ ಸಿಕ್ಕಿದ್ದು ಒಂದು ಕೆಟಲ್ ಮತ್ತು ಎರಡು ಕಪ್ಪು.

ಒಳಗೆ ಹೋದ ಕೂಡಲೇ ನಾನು ಮಾಡುವ ಕೆಲಸ ಪಾತ್ರೆಗಳನ್ನು ನೋಡುವುದು. ಕಟ್ಟಿಗೆಯ ಸೌಟು, ಕಟ್ಟಿಗೆಯ ಹಲಗೆ, ಗೀರುಬಿದ್ದ ನಾನ್‌ಸ್ಟಿಕ್ ತವೆ, ತೂತುಗಳಿರುವ ಜರಡಿ ಇವುಗಳಲ್ಲಿ ಹಿಂದಿನವರ ಪಾಸ್ತಾದ ಅಂಶ ಉಳಿದಿರುತ್ತದೆ, ಇವನ್ನು ಮುಟ್ಟದೆ ಪಕ್ಕಕ್ಕಿಡುತ್ತೇನೆ. ಸ್ಟೀಲು ಮತ್ತು ಗಾಜಿನ ಪಾತ್ರೆಗಳನ್ನು ತೊಳೆದು ಬಳಸುತ್ತೇನೆ. ಪಾತ್ರೆ ಉಜ್ಜುವ ಹಳೆಯ ಸ್ಪಂಜನ್ನು ಎಸೆದು ಹೊಸದನ್ನು ಕೊಳ್ಳುತ್ತೇನೆ. ಮನೆಯಿಂದ ಒಯ್ಯುವುದು ಒಂದು ಸಣ್ಣ ಸ್ಟೀಲಿನ ಪಾತ್ರೆ, ಒಂದು ಚಾಕು (ಇದು ಚೆಕ್‌ಇನ್ ಪೆಟ್ಟಿಗೆಯಲ್ಲಿ), ಒಂದು ಸೌಟು. ಎಲೆಕ್ಟ್ರಿಕ್ ಕುಕ್ಕರ್ ಒಯ್ಯುವವರು ವೋಲ್ಟೇಜನ್ನು ನೋಡಿಕೊಳ್ಳಲಿ: ಜರ್ಮನಿಯಲ್ಲಿ ನಮ್ಮಂತೆಯೇ 230, ಅಮೆರಿಕದಲ್ಲಿ 120, ಜಪಾನಿನಲ್ಲಿ 100. ಬೆಳಗಾವಿಯಲ್ಲಿ ಕೊಂಡ ಕುಕ್ಕರ್ ನಗೋಯದಲ್ಲಿ ಅಕ್ಕಿಯನ್ನು ಬೆಚ್ಚಗೆ ಮಾಡುತ್ತದೆ, ಬೇಯಿಸುವುದಿಲ್ಲ.

ಪದಾರ್ಥಗಳ ವಿಷಯದಲ್ಲಿ ಯುರೋಪಿನ ಸಾಧಾರಣ ದಿನಸಿ ಅಂಗಡಿಯೇ ಸಾಕು. ಅಕ್ಕಿ, ಕೆಂಪು ತೊಗರಿಯಂಥ ಮಸೂರ ಬೇಳೆ, ಟೊಮ್ಯಾಟೊ, ಹೂಕೋಸು, ಬದನೆಕಾಯಿ, ಸಾದಾ ಮೊಸರು ಎಲ್ಲೆಡೆ ಸಿಗುತ್ತವೆ. ಜರ್ಮನಿಯ ಔಷಧಿ ಮತ್ತು ಸೌಂದರ್ಯ ಸಾಧನಗಳ ದೊಡ್ಡ ಅಂಗಡಿಗಳಲ್ಲೂ ಗ್ಲುಟೆನ್ ರಹಿತ ಹಿಟ್ಟುಗಳ ಬೇರೆ ಕಪಾಟೇ ಇರುತ್ತದೆ. ಜೋಳದ ಹಿಟ್ಟನ್ನು ಮಾತ್ರ ಅಲ್ಲಿನ ಭಾರತೀಯ ಅಂಗಡಿಯಿಂದ ಕೊಳ್ಳಬೇಡಿ, ಅದನ್ನು ಯಾವ ಗಿರಣಿಯಲ್ಲಿ ಯಾವುದರ ಹಿಂದೆ ಬೀಸಿದ್ದಾರೆಂದು ತಿಳಿಯುವ ದಾರಿ ಇಲ್ಲ. ‘ಗ್ಲುಟೆನ್ ರಹಿತ’ ಎಂದು ಸ್ಪಷ್ಟವಾಗಿ ಬರೆದ ಸೋರ್ಗಮ್ ಹಿಟ್ಟು ಸಿಕ್ಕರೆ ಅದು ನಮ್ಮ ಜೋಳವೇ. ಆದರೆ ಅದರಿಂದ ನಮ್ಮ ರೊಟ್ಟಿ ಬಡಿಯಲು ಹೋದರೆ ಅಂಚು ಸೀಳುತ್ತದೆ, ಹಿಟ್ಟಿಗೆ ಕುದಿನೀರು ಹಾಕಿ ನಾದಿದರೂ ಮಾಲದಂಡಿ ಜೋಳದ ಜಿಗಿ ಅದಕ್ಕೆ ಬರುವುದಿಲ್ಲ.

ರೊಟ್ಟಿಯ ಗಂಟು

ನಮ್ಮ ಭಾಗದವರಿಗೆ ದೇಶದ ಬೇರೆ ಭಾಗದವರಿಗಿಲ್ಲದ ಒಂದು ಅನುಕೂಲವಿದೆ. ಜೋಳದಲ್ಲಿ ಗ್ಲುಟೆನ್ ಇಲ್ಲ, ಮತ್ತು ಒಣಗಿಸಿದ ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಪಂಜಾಬಿನ ಸೀಲಿಯಾಕ್ ರೋಗಿ ಚಪಾತಿಯನ್ನು ಬಿಡಬೇಕಾಗಿ ಬಂದಾಗ ಊಟದ ಅಡಿಪಾಯವನ್ನೇ ಕಳೆದುಕೊಳ್ಳುತ್ತಾನೆ. ವಿಜಯಪುರ, ಬಾಗಲಕೋಟೆ, ಬೆಳಗಾವಿಯವನು ಅಜ್ಜಿ ಉಂಡ ಊಟಕ್ಕೆ ಮರಳುತ್ತಾನೆ. ಹೊಲಕ್ಕೆ, ಜಾತ್ರೆಗೆ, ದೂರದ ದೇವರಿಗೆ ಬುತ್ತಿ ಕಟ್ಟಿಕೊಂಡು ಹೋದವರು ಕಂಡುಕೊಂಡ ಈ ರೊಟ್ಟಿ ಇಂದಿನ ಪ್ರವಾಸಕ್ಕೂ ಒದಗುತ್ತದೆ ಎಂಬುದು ನನಗೆ ನಿಜವಾದ ಸಂತೋಷ ಕೊಡುವ ಸಂಗತಿ.

ಆದರೆ ಜೋಳ ಶುದ್ಧವಾಗಿದ್ದರೂ ರೊಟ್ಟಿ ಶುದ್ಧವಾಗಿರುತ್ತದೆಂದು ತಿಳಿಯಬಾರದು. ಓಣಿಯ ಗಿರಣಿಯಲ್ಲಿ ಒಂದೇ ಕಲ್ಲಿನಲ್ಲಿ ಗೋಧಿಯನ್ನೂ ಜೋಳವನ್ನೂ ಬೀಸುತ್ತಾರೆ. ಗಿರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ಚೀಲವನ್ನು ಒಮ್ಮೆ ಕೊಡವಿ ನೋಡಿದರೆ ಹಿಂದಿನ ಗಿರಾಕಿಯ ಹಿಟ್ಟು ಬೆಳ್ಳಗೆ ಉದುರುತ್ತದೆ. ಬೆಳಿಗ್ಗೆ ಮೊದಲ ಪಾಳಿಯಲ್ಲಿ ಬೀಸಿಸಿದರೂ ಹಿಂದಿನ ಸಂಜೆಯ ಗೋಧಿ ಕಲ್ಲಿನ ಸಂದಿಯಲ್ಲಿ ಕೂತೇ ಇರುತ್ತದೆ. ಮೊದಮೊದಲು ನಾವು ಎರಡು ಕಿಲೋ ಜೋಳವನ್ನು ಸುಮ್ಮನೆ ಬೀಸಿಸಿ ಆ ಹಿಟ್ಟನ್ನು ದನಕ್ಕೆ ಹಾಕಿ, ಆಮೇಲಿನದನ್ನು ಮನೆಗೆ ತರುತ್ತಿದ್ದೆವು; ಈಗ ಮನೆಯಲ್ಲೇ ಸಣ್ಣ ಗಿರಣಿ ಇಟ್ಟುಕೊಂಡಿದ್ದೇವೆ, ಅದರೊಳಗೆ ಗೋಧಿ ಹೋಗುವುದಿಲ್ಲ. ಅಂಗಡಿಯ ಕಡಕ್ ರೊಟ್ಟಿ ಕೊಳ್ಳುವವರು, ಅದೇ ಕಟ್ಟೆಯ ಮೇಲೆ ಚಪಾತಿ ಲಟ್ಟಿಸುತ್ತಾರೆಯೇ, ಹಿಟ್ಟಿಗೆ ಜಿಗಿ ಬರಲೆಂದು ಗೋಧಿ ಬೆರೆಸುತ್ತಾರೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳಲೇಬೇಕು. ಸಕ್ಕರೆ ಕಾಯಿಲೆಯವರಿಗೂ ಜೈನರಿಗೂ ಈ ಎಚ್ಚರ ಬೇಕಿಲ್ಲ, ಅವರು ಯಾವ ಒಳ್ಳೆಯ ರೊಟ್ಟಿಯನ್ನಾದರೂ ಒಯ್ಯಬಹುದು.

ಲೆಕ್ಕ ಸುಲಭ. ನಮ್ಮ ಮನೆಯ ಒಂದು ಕಡಕ್ ರೊಟ್ಟಿ ಸುಮಾರು 40 ಗ್ರಾಂ ತೂಗುತ್ತದೆ. ದಿನಕ್ಕೆ ನಾಲ್ಕರಂತೆ ಹತ್ತು ದಿನಕ್ಕೆ ನಲವತ್ತು ರೊಟ್ಟಿ, ಒಂದೂವರೆ ಕಿಲೋ ದಾಟುತ್ತದೆ. ಅಗಲವಾದ ಸ್ಟೀಲಿನ ಡಬ್ಬಿಯಲ್ಲಿ ಹತ್ತು ಹತ್ತರಂತೆ ಹಳೆಯ ಧೋತರದ ಬಟ್ಟೆ ಹಾಸಿ ಇಟ್ಟರೆ ಮುರಿಯುವುದು ಕಡಿಮೆ. ಮುರಿದರೂ ನಷ್ಟವಿಲ್ಲ: ಚೂರುಗಳ ಮೇಲೆ ಬಿಸಿ ಬೇಳೆ ಸುರಿದು ಐದು ನಿಮಿಷ ಬಿಟ್ಟರೆ ಮೆತ್ತಗಾಗುತ್ತವೆ, ಮೊಸರಿನಲ್ಲಿ ನೆನೆಸಿದರೆ ಇನ್ನೂ ರುಚಿ. ಇದರ ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ (ಹಿಂಡಿ ಎಂದರೆ ನಮ್ಮ ಕಡೆ ಚಟ್ನಿಪುಡಿ) ಮೂರು ಪೊಟ್ಟಣ. ಕಾಳಿನ ಎಣ್ಣೆಯೂ ಪ್ರೋಟೀನೂ ಇರುವುದರಿಂದ ಬರೀ ರೊಟ್ಟಿ, ಹಿಂಡಿ, ಮೊಸರು ಒಂದು ಪೂರ್ಣ ಊಟವಾಗುತ್ತವೆ, ಒಲೆಯೂ ಬೇಕಿಲ್ಲ. ಇದಲ್ಲದೆ ಅರ್ಧ ಕಿಲೋ ದಪ್ಪ ಅವಲಕ್ಕಿ. ಹೋಟೆಲಿನ ಕೆಟಲಿನ ಬಿಸಿನೀರಿನಲ್ಲಿ ಅದು ಮೂರು ನಿಮಿಷಕ್ಕೆ ನೆನೆಯುತ್ತದೆ, ಮೇಲೆ ಶೇಂಗಾ ಹಿಂಡಿ ಉದುರಿಸಿದರೆ ಬೆಳಗಿನ ತಿಂಡಿ ಮುಗಿಯಿತು. ಈ ಗಂಟಿನ ಕೊರತೆ ಹಸಿ ತರಕಾರಿಯದು. ಐದನೆಯ ದಿನ ದೇಹ ಅದನ್ನು ಕೇಳತೊಡಗುತ್ತದೆ, ನಾಲ್ಕು ದಿನದ ಗಡಿಯನ್ನು ನಾನು ಹಾಕಿದ್ದು ಆ ಕಾರಣಕ್ಕೆ.

ಗಡಿಯಲ್ಲಿ ತಡೆಯುವ ಪದಾರ್ಥಗಳು

ಗಂಟು ಕಟ್ಟುವ ಮುನ್ನ ಹೋಗುವ ದೇಶದ ನಿಯಮ ನೋಡಬೇಕು. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಹಾಲಿನ ಪದಾರ್ಥಗಳನ್ನು ಒಯ್ಯುವಂತಿಲ್ಲ. ತುಪ್ಪವೂ ಅದರಲ್ಲಿ ಸೇರುತ್ತದೆ, ಪೇಡೆಯೂ ಸೇರುತ್ತದೆ, ಪರದೇಶದ ಗಿರಾಕಿಗಳಿಗೆಂದು ನಮ್ಮವರು ಪ್ರೀತಿಯಿಂದ ಒಯ್ಯುವ ಬೆಳಗಾವಿ ಕುಂದಾ ಕೂಡ ಸೇರುತ್ತದೆ. ಹಸಿ ಕರಿಬೇವು, ಹಸಿಮೆಣಸಿನಕಾಯಿ, ನಿಂಬೆಹಣ್ಣುಗಳಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಬಾಳೆಹಣ್ಣು, ತೆಂಗಿನಕಾಯಿ, ಖರ್ಜೂರದಂಥ ಕೆಲವೇ ಹಣ್ಣುಗಳಿಗೆ ವಿನಾಯಿತಿ ಇದೆ. ದುಬೈಗೆ ಹೋಗುವವರು ಗಸಗಸೆಯನ್ನು ಮನೆಯಲ್ಲೇ ಬಿಡಬೇಕು. ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಅದು ನಿಷೇಧಿತ ಮಾದಕ ಪದಾರ್ಥದ ಸಾಲಿನಲ್ಲಿದೆ, ಮಸಾಲೆಯೆಂದು ಹೇಳಿ ಪಾರಾಗಲು ಬರುವುದಿಲ್ಲ. ನಮ್ಮ ಅನಾರಸಕ್ಕೆ ಮೇಲೆ ಹಚ್ಚುವುದು ಗಸಗಸೆ. ಕರದಂಟಿನಲ್ಲೂ ಬಹಳ ಮನೆಗಳಲ್ಲಿ ಹುರಿದ ಗಸಗಸೆ ಹಾಕುತ್ತಾರೆ. ಗೋಕಾಕದ್ದಾಗಲಿ ಅಮೀನಗಡದ್ದಾಗಲಿ, ಕರದಂಟನ್ನು ದುಬೈಯ ಪೆಟ್ಟಿಗೆಯಲ್ಲಿ ಇಡುವ ಮುನ್ನ ಒಮ್ಮೆ ಪೊಟ್ಟಣ ಓದಿ, ಸಂಶಯವಿದ್ದರೆ ಇಡಬೇಡಿ. ಆಸ್ಟ್ರೇಲಿಯಕ್ಕೆ ಹೋಗುವವರು ಯಾವ ತಿಂಡಿಯನ್ನೇ ಒಯ್ದರೂ ಇಳಿಯುವ ಮುನ್ನ ತುಂಬುವ ಫಾರ್ಮಿನಲ್ಲಿ ಬರೆಯಲೇಬೇಕು. ಬರೆದು ತೋರಿಸಿದವರಿಂದ ಹೆಚ್ಚೆಂದರೆ ಆ ಪದಾರ್ಥ ಕಿತ್ತುಕೊಳ್ಳುತ್ತಾರೆ, ಬಚ್ಚಿಟ್ಟವರಿಗೆ ದೊಡ್ಡ ದಂಡ ಬೀಳುತ್ತದೆ.

ವಿಮಾನದ ಕೈಚೀಲದಲ್ಲಿ ಉಪ್ಪಿನಕಾಯಿ, ತುಪ್ಪ, ನೀರುಚಟ್ನಿ ಇವು 100 ಮಿಲಿಲೀಟರಿನ ದ್ರವ ನಿಯಮಕ್ಕೆ ಸಿಗುತ್ತವೆ. ಖಾರದ ಪುಡಿಯನ್ನೂ ಕೈಚೀಲದಲ್ಲಿ ಬಿಡುವುದಿಲ್ಲ. ಇಡೀ ಒಣಕೊಬ್ಬರಿಯ ಗಿಟುಕು ಬೆಂಕಿಗೆ ಬೇಗ ಹತ್ತುವ ವಸ್ತುವೆಂದು ಎಣಿಕೆಯಾಗುವುದರಿಂದ ಅದನ್ನು ಒಯ್ಯದಿರುವುದೇ ಸರಿ. ಹೀಗಾಗಿ ಹಿಂಡಿಗಳು ದೊಡ್ಡ ಪೆಟ್ಟಿಗೆಗೆ, ಎರಡು ದಿನದ ರೊಟ್ಟಿ ಮತ್ತು ಹುರಿದ ಶೇಂಗಾ ಕೈಚೀಲಕ್ಕೆ. ದೊಡ್ಡ ಪೆಟ್ಟಿಗೆ ತಡವಾಗಿ ಬಂದರೂ ಉಪವಾಸ ಬೀಳುವುದಿಲ್ಲ.

ಜೈನರಿಗೂ ಸಕ್ಕರೆ ಕಾಯಿಲೆಯವರಿಗೂ

ನನ್ನ ಜೊತೆ ಎರಡು ಸಲ ಹ್ಯಾನೋವರಿನ ಕೈಗಾರಿಕಾ ಮೇಳಕ್ಕೆ ಬಂದ ಗೆಳೆಯ ದಿಗಂಬರ ಜೈನ, ಸೂರ್ಯಾಸ್ತದ ನಂತರ ಉಣ್ಣದವನು. ಅವನಿಗೆ ಯಾವ ಪದಾರ್ಥ ಎಂಬುದಕ್ಕಿಂತ ಯಾವ ಹೊತ್ತು ಎಂಬುದೇ ಕಠಿಣ ಪ್ರಶ್ನೆ. ಮೇಳ ನಡೆಯುವ ಏಪ್ರಿಲಿನಲ್ಲಿ ಅಲ್ಲಿ ಸಂಜೆ ಎಂಟರ ನಂತರ ಸೂರ್ಯ ಮುಳುಗುತ್ತಾನೆ, ಕೆಲಸ ಮುಗಿಸಿ ನಿಧಾನವಾಗಿ ಉಣ್ಣಬಹುದು. ಅದೇ ಊರಿಗೆ ಡಿಸೆಂಬರಿನಲ್ಲಿ ಹೋದರೆ ನಾಲ್ಕೂ ಕಾಲಿಗೆಲ್ಲ ಸೂರ್ಯಾಸ್ತ. ಸಂಜೆಯ ಊಟವನ್ನು ಮೂರೂವರೆಗೆ, ಕಾರ್ಖಾನೆಯಲ್ಲೇ ಮುಗಿಸಬೇಕು. ಆಗ ಅಡುಗೆಮನೆಯ ವಸತಿಯಿಂದ ಪ್ರಯೋಜನವಿಲ್ಲ, ಡಬ್ಬಿಯೇ ಗತಿ. ಆದ್ದರಿಂದ ಹೊತ್ತು ನೋಡುವ ಜೈನರು ಚಳಿಗಾಲದ ಯುರೋಪಿಗೆ ಗಂಟನ್ನೂ ಬೇಸಿಗೆಯದಕ್ಕೆ ಅಡುಗೆಮನೆಯನ್ನೂ ಆರಿಸಲಿ ಎಂಬುದು ನನ್ನ ಸಲಹೆ. ಈರುಳ್ಳಿ, ಬೆಳ್ಳುಳ್ಳಿಯಿಲ್ಲದ ಅಡುಗೆಯನ್ನು ಅಲ್ಲಿನ ಹೋಟೆಲಿನಲ್ಲಿ ಕೇಳುವುದು ಬಹುಮಟ್ಟಿಗೆ ವ್ಯರ್ಥ, ಏಕೆಂದರೆ ಸಾರು, ಸಾಸುಗಳನ್ನು ಅವರು ಮೊದಲೇ ಮಾಡಿಟ್ಟಿರುತ್ತಾರೆ.

ಸಕ್ಕರೆ ಕಾಯಿಲೆಯವರಿಗೆ ಹೋಟೆಲಿನ ಊಟವೇ ಸಾಕಾಗುತ್ತದೆ, ಆಯ್ಕೆ ಅವರಿಗೆ ವಿಶಾಲವಾಗಿದೆ. ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಪಶ್ಚಿಮಕ್ಕೆ ಹಾರುವಾಗ ದಿನ ಉದ್ದವಾಗುತ್ತದೆ, ಪೂರ್ವಕ್ಕೆ ಹಾರುವಾಗ ಗಿಡ್ಡವಾಗುತ್ತದೆ ಎಂಬುದನ್ನು ವೈದ್ಯರಿಗೆ ಹೇಳಿ ಪ್ರಮಾಣವನ್ನು ಬರೆಸಿಕೊಳ್ಳಬೇಕು. ಇನ್ಸುಲಿನ್ ಕೈಚೀಲದಲ್ಲೇ ಇರಬೇಕು, ಸರಕಿನ ಕೋಣೆಯ ಚಳಿಯಲ್ಲಿ ಅದು ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ವೈದ್ಯರ ಚೀಟಿಯೂ ಅದರ ಜೊತೆಗಿರಲಿ.

ಅತಿಥಿಯಾಗಿ ಕರೆದಾಗ

ಎಷ್ಟು ಸಿದ್ಧತೆ ಮಾಡಿದರೂ ಕೆಲಸದ ಪ್ರವಾಸದಲ್ಲಿ ಒಂದು ರಾತ್ರಿ ಅತಿಥೇಯರ ಜೊತೆ ಊಟವಿರುತ್ತದೆ, ಅದನ್ನು ತಪ್ಪಿಸುವಂತಿಲ್ಲ. ನಾನು ಹೊರಡುವ ಹತ್ತು ದಿನ ಮೊದಲೇ ಮಿಂಚಂಚೆಯಲ್ಲಿ ಮೂರು ಸಾಲು ಬರೆಯುತ್ತೇನೆ: ನನಗಿರುವುದು ವೈದ್ಯರು ಗುರುತಿಸಿದ ಕಾಯಿಲೆ, ಇಷ್ಟಾನಿಷ್ಟದ ಪ್ರಶ್ನೆಯಲ್ಲ, ಗೋಧಿ, ಬಾರ್ಲಿ, ರೈ ಮತ್ತು ಅವುಗಳ ಸಾಸು ಬೇಡ, ಮಾಂಸ, ಮೀನು, ಮೊಟ್ಟೆ ಬೇಡ. ಇದರ ಜೊತೆಗೆ ನಾಲ್ಕನೆಯದಾಗಿ, ನನಗೆ ಬೇಯಿಸಿದ ಆಲೂಗಡ್ಡೆ, ಹಸಿ ತರಕಾರಿ, ಆಲಿವ್ ಎಣ್ಣೆ, ಹಣ್ಣು ಸಾಕು ಎಂದು ಬರೆಯುತ್ತೇನೆ. ಬೇಡದ್ದನ್ನು ಮಾತ್ರ ಹೇಳಿದರೆ ಅತಿಥೇಯರು ಗಾಬರಿಯಾಗುತ್ತಾರೆ, ಬೇಕಾದ್ದನ್ನು ಹೇಳಿದರೆ ಅವರಿಗೂ ನಿರಾಳ. ಅಂದು ಸಂಜೆ ಹೊರಡುವ ಮುನ್ನ ಎರಡು ರೊಟ್ಟಿ ತಿಂದಿರುತ್ತೇನೆ, ಹೀಗಾಗಿ ಮೇಜಿನ ಮೇಲೆ ಏನೂ ಹೊಂದದಿದ್ದರೂ ಮಾತಿನಲ್ಲಿ ನೆಮ್ಮದಿಯಿಂದ ಕೂರಬಹುದು.

ವಾರಕ್ಕಿಂತ ಹೆಚ್ಚು ಇರುವವರಿಗೆ ನಾನು ಹೇಳುವ ಹಂಚಿಕೆ ಹೀಗೆ: ರಾತ್ರಿ ಅಡುಗೆಮನೆಯಲ್ಲಿ ಅನ್ನ, ಬೇಳೆ, ಪಲ್ಯ; ಅದರಲ್ಲೇ ಉಳಿಸಿದ್ದು ಮರುದಿನ ಮಧ್ಯಾಹ್ನದ ಡಬ್ಬಿಗೆ; ಬೆಳಿಗ್ಗೆ ಅವಲಕ್ಕಿ. ಒಂದು ತಿಂಗಳು ದಾಟುವ ಕೆಲಸವಾದರೆ ರೊಟ್ಟಿಯನ್ನು ದಿನನಿತ್ಯಕ್ಕೆ ಖರ್ಚು ಮಾಡದೆ, ಸಭೆ ಉದ್ದವಾಗುವ ದಿನಗಳಿಗೂ ಊರಿಂದೂರಿಗೆ ರೈಲಿನಲ್ಲಿ ಹೋಗುವ ದಿನಗಳಿಗೂ ಮೀಸಲಿಡಬೇಕು. ಎಷ್ಟೇ ದಿನದ ಪ್ರವಾಸವಿರಲಿ, ಹೊರಟ ದಿನವೇ ನಾಲ್ಕು ರೊಟ್ಟಿಯನ್ನು ಬೇರೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟು ಅವನ್ನು ಮರೆತುಬಿಡುತ್ತೇನೆ. ಕಳೆದ ಬಾರಿ ಹಿಂದಿರುಗುವಾಗ ಹಿಮಪಾತದಿಂದ ವಿಮಾನ ರದ್ದಾಗಿ, ರಾತ್ರಿ ಹನ್ನೊಂದರ ಮೇಲೆ ವಿಮಾನ ನಿಲ್ದಾಣದ ಅಂಗಡಿಗಳೆಲ್ಲ ಮುಚ್ಚಿದಾಗ, ಆ ನಾಲ್ಕನ್ನು ತೆಗೆದು ಶೇಂಗಾ ಹಿಂಡಿಯ ಪೊಟ್ಟಣದ ಕೊನೆಯ ಪುಡಿಯ ಜೊತೆ ತಿಂದು ಮಲಗಿದೆ.